ಮೇಜಿನವರ ಚಪ್ಪಾಳೆ

ಎರಡೂ ಅಂಗೈ ಒಂದಕ್ಕೊಂದು ಬಡಿದ ಸದ್ದು ಕಿವಿಗೆ ಬಿದ್ದ ಮೇಲೇ ಆರ್ಡಿತ್‌ಗೆ ಗೊತ್ತಾದದ್ದು, ಚಪ್ಪಾಳೆ ಹೊಡೆಯುತ್ತಿರುವವಳು ತಾನೇ ಎಂದು. ಗಾಬರಿಯಿಂದ ಕೈ ಇಳಿಸಿ, ಮೇಜಿನ ಮೇಲಿದ್ದ ಸ್ವಿಚ್ಚನ್ನು ಕೆಂಪಿನಿಂದ ಹಸಿರಿಗೆ ತಿರುಗಿಸಿ, ಕಳ್ಳಿಯಂತೆ ಸುತ್ತ ನೋಡಿದಳು. ಯಾರೂ ಗಮನಿಸಿದಂತಿರಲಿಲ್ಲ. ಪಕ್ಕದಲ್ಲಿ ಅಂಕ ಬರೆಯುತ್ತಿದ್ದ ವೆಂಡೆಲ್ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ಪುಸ್ತಕದಲ್ಲಿ ಮುಖ ಹುದುಗಿಸಿದ್ದ. ಎದುರಿಗೆ ಮ್ಯಾಟಿನ ಮೇಲೆ ಲೇನ್ ಡ್ರಾಹೋಸ್, ಇಷ್ಟು ಹೊತ್ತು ಅಡಿಗೆ ಬಿದ್ದು ಒದ್ದಾಡುತ್ತಿದ್ದವನು, ಎದುರಾಳಿಯನ್ನು ಅಡಿಗೆ ಹಾಕಿ ಮೇಲೇರಿದ್ದ. ಜಿಮ್ಮಿನ ತುಂಬ ಜನ ಎದ್ದು ನಿಂತು ಕಿರುಚುತ್ತಿದ್ದರು. ಅಷ್ಟು ಗದ್ದಲದಲ್ಲಿ ಒಬ್ಬಳು ಮುದುಕಿಯ ಚಪ್ಪಾಳೆ ಯಾರಿಗೆ ಕೇಳಬೇಕು?

ಆದರೆ ಅಂಕ, ಗಡಿಯಾರ ನೋಡುವ ಮೇಜಿನವರಿಗೆ ಕೈ ಇಲ್ಲ, ಬಾಯಿ ಇಲ್ಲ, ಊರು ಇಲ್ಲ ಎಂದು ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಪಾಠ ಹೇಳಿಕೊಡುತ್ತಿದ್ದವಳೇ ಅವಳು. ಹತ್ತೊಂಬತ್ತು ವರ್ಷದಿಂದ ಎಲ್ಡರ್ ಗ್ರೋವ್ ಕಾಲೇಜಿನ ಕುಸ್ತಿಗಳಲ್ಲಿ ಅವಳದು ಒಂದೇ ಕೆಲಸ: ಸವಾರಿಯ ಗಡಿಯಾರ. ಇಬ್ಬರಲ್ಲಿ ಯಾರು ಮೇಲಿದ್ದಾನೋ ಅವನ ಲೆಕ್ಕಕ್ಕೆ ಸೆಕೆಂಡು ಸೇರುತ್ತ ಹೋಗಬೇಕು. ಅಡಿಯಲ್ಲಿದ್ದವನು ಮೇಲೆ ಬಂದನೋ, ಸ್ವಿಚ್ ತಿರುಗಿಸಬೇಕು, ಆಗ ಮೊದಲಿನವನ ಲೆಕ್ಕದಿಂದ ಕಳೆಯುತ್ತ ಬರುತ್ತದೆ. ಕೊನೆಗೆ ಯಾರ ಹೆಸರಲ್ಲಿ ಪೂರ್ತಿ ಒಂದು ನಿಮಿಷ ಮಿಕ್ಕಿರುತ್ತದೋ ಅವನಿಗೆ ಒಂದು ಅಂಕ. ಒಂದು ಅಂಕ ಏನು ಮಹಾ ಎನ್ನುವವರು ಕುಸ್ತಿಯೇ ಉಸಿರಾದ ಅಯೋವಾ ರಾಜ್ಯದಲ್ಲಿ ಹುಟ್ಟಿದವರಲ್ಲ. ಈ ಹತ್ತೊಂಬತ್ತು ವರ್ಷದಲ್ಲಿ ಅವಳ ಗಡಿಯಾರದ ಮೇಲೆ ಒಬ್ಬನೂ ತಕರಾರು ಎತ್ತಿರಲಿಲ್ಲ. ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಕೋಚುಗಳು ಕೂಡ, ಸೂರ್ಯ ತಡವಾಗಿ ಬಂದರೂ ಬಂದಾನು, ಆರ್ಡಿತ್‌ಳ ಗಡಿಯಾರ ತಪ್ಪುವುದಿಲ್ಲ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವಳು ಮುಖ ಗಂಟು ಹಾಕಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು.

ಇಂಥವಳು ಮೈಮರೆತು ಚಪ್ಪಾಳೆ ಹೊಡೆದದ್ದಕ್ಕೆ ಕಾರಣ ಲೇನ್.

ಮೇಜಿಗೆ ಬರುವ ಮೊದಲು, ಬಂದ ಮೇಲೂ ಬಹಳ ಕಾಲ, ಒಟ್ಟು ಇಪ್ಪತ್ತಾರು ವರ್ಷ ಅವಳು ಊರಿನ ಶಾಲಾ ಬಸ್ಸು ಓಡಿಸಿದ್ದಳು. ಚಳಿಗಾಲದ ಶನಿವಾರಗಳಲ್ಲಿ ಕುಸ್ತಿ ಹುಡುಗರನ್ನು ತುಂಬಿಕೊಂಡು ಹಿಮ ಬಿದ್ದ ರಸ್ತೆಯಲ್ಲಿ ಊರೂರು ಸುತ್ತಿಸಿದ್ದಳು. ಯಾರು ಮುಂದೆ ಏನಾಗುತ್ತಾರೆಂದು ಬಸ್ಸಿನ ಕನ್ನಡಿಯಲ್ಲೇ ಹೇಳಬಲ್ಲೆ ಎನ್ನುವುದು ಅವಳ ಜಂಬ. ಸೋತು ಬಂದು ಗಲಾಟೆ ಮಾಡುವವನು ಬೇಗ ಬಿಟ್ಟುಬಿಡುತ್ತಾನೆ. ಗೆದ್ದು ಬಂದು ನಿದ್ದೆ ಹೊಡೆಯುವವನು ದೂರ ಹೋಗುತ್ತಾನೆ. ಹಾಗೆ ನಿದ್ದೆ ಹೊಡೆದ ಇಬ್ಬರು ಕಾಲೇಜು ಕುಸ್ತಿಯಲ್ಲಿ ದೇಶಕ್ಕೇ ಮೊದಲಿಗರಾದರು. ಅವರ ಫೋಟೋ ಈಗಲೂ ಈ ಜಿಮ್ಮಿನ ಗೋಡೆಯ ಮೇಲಿದೆ. ಒಬ್ಬ ಈಗ ಹಂದಿ ಸಾಕುತ್ತಾನೆ, ಇನ್ನೊಬ್ಬ ಜನರ ಹಲ್ಲು ಕೀಳುತ್ತಾನೆ.

ಲೇನ್ ಮಾತ್ರ ಅವಳ ಲೆಕ್ಕಕ್ಕೆ ಸಿಗಲಿಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗಿನಿಂದಲೂ ಅವನು ಗೆದ್ದರೂ ಸೋತರೂ ಡ್ರೈವರ್ ಸೀಟಿನ ಹಿಂದೆಯೇ ಕೂತು, ಅಂದಿನ ಕುಸ್ತಿಯನ್ನು ಒಂದು ಪಟ್ಟೂ ಬಿಡದಂತೆ ಒಪ್ಪಿಸುತ್ತಿದ್ದ.

"ಡ್ರೈವರಮ್ಮ, ಅವ್ನು ನನ್ ಕಾಲು ಹಿಡ್ದ. ನಾನೂ ನನ್ ಕಾಲೇ ಹಿಡ್ಕೊಂಡೆ."

"ನಿನ್ ಕಾಲು ನೀನ್ಯಾಕೋ ಹಿಡ್ಕೊಂಡೆ?"

"ಮತ್ತೆ? ಅವ್ನದು ಸಿಕ್ಲೇ ಇಲ್ವಲ್ಲ."

ಆರ್ಡಿತ್ ಆ ದಿನ ನಗು ತಡೆಯಲಾರದೆ ಬಸ್ಸನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ್ದಳು.

ಹೈಸ್ಕೂಲಿನ ಕೊನೆಯ ವರ್ಷ ಅವನು ರಾಜ್ಯಕ್ಕೆ ಮೊದಲಿಗನಾದ. ಊರಿನವರು ಅಗ್ನಿಶಾಮಕದ ಗಾಡಿಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಅಲ್ಲಿಂದ ಮುಂದೆ ಅದೃಷ್ಟ ಅವನ ಕೈ ಹಿಡಿಯಲಿಲ್ಲ. ಒಂದು ವರ್ಷ ಮಂಡಿ ಹೋಯಿತು, ಒಂದು ವರ್ಷ ಭುಜ. ಅವು ವಾಸಿಯಾದ ವರ್ಷಗಳಲ್ಲಿ ಇನ್ನೊಂದು ಕಾಟ. ಇವತ್ತು ಇಲ್ಲಿ ನಡೆಯುತ್ತಿದ್ದಂಥ ಪ್ರಾದೇಶಿಕ ಪಂದ್ಯದಿಂದ ಒಂದೊಂದು ತೂಕಕ್ಕೆ ಮೂವರು ಮಾತ್ರ ರಾಷ್ಟ್ರೀಯ ಪಂದ್ಯಕ್ಕೆ ಹೋಗುತ್ತಾರೆ. ಲೇನ್ ಮೂರು ಸಲ ನಾಲ್ಕನೆಯವನಾಗಿದ್ದ. ಕೆಫೆಯಲ್ಲಿ ಕೂತ ಮುದುಕರು ಅವನಿಗೆ ನಾಲ್ಕನೇ ಲೇನ್ ಎಂದೇ ಹೆಸರಿಟ್ಟಿದ್ದರು. ಈಗ ಇಪ್ಪತ್ತನಾಲ್ಕು ವಯಸ್ಸು, ಕಾಲೇಜಿನಲ್ಲಿ ಆರನೇ ವರ್ಷ, ಆಡಲು ಇನ್ನು ವರ್ಷ ಉಳಿದಿರಲಿಲ್ಲ. ಇವತ್ತಿನದು ಮೂರನೇ ಸ್ಥಾನದ ಕುಸ್ತಿ. ಗೆದ್ದರೆ ಎರಡು ವಾರದ ನಂತರ ರಾಷ್ಟ್ರೀಯ. ಸೋತರೆ ಇದೇ ಕೊನೆಯ ಕುಸ್ತಿ. ಎದುರಾಳಿ ವಿಸ್ಕಾನ್ಸಿನ್‌ನ ಎಮೆಟ್, ಎರಡನೇ ವರ್ಷದ ಹುಡುಗ, ಮೈಯೆಲ್ಲ ಹುರಿಗೊಳಿಸಿದ ಹಗ್ಗದಂತಿದ್ದ.

ಮೂರನೇ ಸುತ್ತಿನ ಕೊನೆಯ ಗಂಟೆ ಬಾರಿಸಿದಾಗ ಅಂಕ ನಾಲ್ಕು–ನಾಲ್ಕು. ಸಮ. ಎಲ್ಲರ ಕಣ್ಣೂ ಸವಾರಿಯ ಗಡಿಯಾರದ ಕಡೆ ತಿರುಗಿತು. ಕೆಂಪು ದೀಪದ ಪಕ್ಕ ಒಂದು ನಿಮಿಷ ಐದು ಸೆಕೆಂಡು. ಕೆಂಪು ಎಂದರೆ ಎಮೆಟ್.

ರೆಫರಿ ಡ್ವೇನ್ ಮೇಜಿನ ಕಡೆ ನೋಡಿ ಹುಬ್ಬೇರಿಸಿದ. ವೆಂಡೆಲ್ ಬೋರ್ಡು ನೋಡಿ ತಲೆಯಾಡಿಸಿ ಐದು–ನಾಲ್ಕು ಎಂದು ಬರೆದ. ಡ್ವೇನ್ ಎಮೆಟ್‌ನ ಕೈ ಎತ್ತಿದ.

ಆರ್ಡಿತ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಚಪ್ಪಾಳೆ ಹೊಡೆದದ್ದು ಹೆಚ್ಚೆಂದರೆ ಎರಡು ಸೆಕೆಂಡು. ಎಮೆಟ್‌ಗೆ ತಪ್ಪಾಗಿ ಸೇರಿದ್ದು ಎರಡು, ಅವನಿಂದ ಕಳೆಯದೆ ಉಳಿದದ್ದು ಎರಡು, ಒಟ್ಟು ನಾಲ್ಕು. ಅರವತ್ತೈದರಲ್ಲಿ ನಾಲ್ಕು ಹೋದರೆ ಅರವತ್ತೊಂದು. ಆಗಲೂ ಅಂಕ ಎಮೆಟ್‌ನದೇ. ಅಂದ ಮೇಲೆ ಬಾಯಿ ಬಿಟ್ಟು ಆಗುವುದೇನು? ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ, ಅಷ್ಟೆ. ಜೊತೆಗೆ ಅವಳು ಲೇನ್‌ನ ಊರಿನವಳು. ತನ್ನ ಊರಿನ ಹುಡುಗ ಸೋತ ಕೂಡಲೇ ಮುದುಕಿಗೆ ತಪ್ಪು ನೆನಪಾಯಿತು ಎಂದು ಆಡಿಕೊಳ್ಳುತ್ತಾರೆ. ಲೆಕ್ಕ ಸರಿಯಾಗಿತ್ತು. ಆದರೂ ಅವಳು ಬಲಗೈಯನ್ನು ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡಳು.

ಲೇನ್ ಎಮೆಟ್‌ನ ಕೈ ಕುಲುಕಿದ. ಆಮೇಲೆ ಮ್ಯಾಟಿನ ನಡುವಿನ ವೃತ್ತಕ್ಕೆ ಬಂದು ನಿಧಾನವಾಗಿ ಕೂತುಕೊಂಡ.

ಜಿಮ್ಮಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಕುಸ್ತಿ ಬಿಡುವವನು ತನ್ನ ಬೂಟು ಬಿಚ್ಚಿ ಮ್ಯಾಟಿನ ನಡುವೆ ಇಟ್ಟು ಬರಿಗಾಲಲ್ಲಿ ಹೊರಟು ಹೋಗುತ್ತಾನೆ. ಅವನು ಹೋಗುವ ತನಕ ಎದುರಾಳಿಯೂ ಮ್ಯಾಟ್ ಬಿಡದೆ ನಿಂತು ಚಪ್ಪಾಳೆ ಹೊಡೆಯಬೇಕು, ಅದು ಮರ್ಯಾದೆ. ಎಮೆಟ್ ಅಂಚಿನಲ್ಲಿ ನಿಂತು ಚಪ್ಪಾಳೆ ಹೊಡೆಯತೊಡಗಿದ. ಮೇಲಿನ ಸಾಲಿನಲ್ಲಿ ಲೇನ್‌ನ ಅಮ್ಮ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡಿದ್ದರು. ಲೇನ್ ಎಡಗಾಲಿನ ಲೇಸಿಗೆ ಸುತ್ತಿದ್ದ ಅಂಟುಪಟ್ಟಿ ಕಿತ್ತು, ಗಂಟು ಬಿಚ್ಚಲಾಗದೆ ಒಂದೇ ಸಲ ಜಗ್ಗಿದ. ಲೇಸು ಪಟ್ಟೆಂದು ತುಂಡಾಯಿತು. ಬೂಟು ತೆಗೆದು ಪಕ್ಕಕ್ಕಿಟ್ಟ. ಬಲಗಾಲಿನ ಗಂಟು ಬೆವರಿನಲ್ಲಿ ನೆನೆದು ಕಲ್ಲಾಗಿತ್ತು. ಉಗುರಿನಿಂದ ಕೆರೆದ, ಹಲ್ಲು ಹಾಕಲು ನೋಡಿದ, ಕಾಲು ಬಾಯಿಯವರೆಗೆ ಬರಲಿಲ್ಲ. ಜನ ಅಳುತ್ತಲೇ ನಕ್ಕರು, ಅವನೂ ನಕ್ಕ. ಅಳು ನಗುವಿನ ನಡುವೆಯೇ ಮೇಜಿನ ಕಡೆ ತಿರುಗಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ.

ಡ್ವೇನ್ ಮೇಜಿನ ಹತ್ತಿರ ಬಂದು ಕೈ ಚಾಚಿದ. "ಆರ್ಡಿತ್, ಕತ್ತರಿ ಕೊಡಿ."

ಕತ್ತರಿ ಇರುತ್ತಿದ್ದದ್ದು ಅವಳ ಕೈಚೀಲದಲ್ಲೇ. ಅದನ್ನು ತೆಗೆದು ಕೊಡಲೆಂದು ಬಲಗೈ ಬಿಡಿಸಿದಳು. ಅಂಗೈ ನೋಡಿದಳು. ನೋಡುತ್ತಲೇ ಉಳಿದಳು.

ಅವಳ ಮದುವೆಯುಂಗುರ ಈಚೆಗೆ ಸಡಿಲವಾಗಿ, ಹರಳು ಯಾವಾಗಲೂ ಒಳಗಡೆಗೆ ತಿರುಗಿಕೊಳ್ಳುತ್ತಿತ್ತು. ಎಡಗೈಯ ಆ ಹರಳು ಬಲ ಅಂಗೈಯ ಒಣಚರ್ಮದ ಮೇಲೆ ಕೆಂಪನೆಯ ಗುರುತು ಮೂಡಿಸಿತ್ತು. ಒಂದಲ್ಲ. ಒಂದರ ಪಕ್ಕ ಒಂದು, ಕೆಲವು ಒಂದರ ಮೇಲೊಂದು. ಎಣಿಸಿದಳು. ಒಂಬತ್ತರ ತನಕ ಎಣಿಸಿ ನಿಲ್ಲಿಸಿದಳು. ಎರಡು ಸೆಕೆಂಡಿನಲ್ಲಿ ಇಷ್ಟು ಸಲ ಚಪ್ಪಾಳೆ ಹೊಡೆಯಲು ಅವಳೇನು ಯಂತ್ರವೇ?

"ಆರ್ಡಿತ್? ಕತ್ತರಿ."

"ಕೊಡಲ್ಲ," ಎಂದಳು.

"ಏನಂದ್ರಿ?"

"ಕೊಡಲ್ಲ ಡ್ವೇನ್. ಬೂಟು ಬಿಚ್ಬೇಡ ಅನ್ನಿ ಅವನಿಗೆ. ಅಲ್ಲಿಂದ ಏಳ್ಲೂಬೇಡ ಅನ್ನಿ. ಆ ವಿಸ್ಕಾನ್ಸಿನ್ ಹುಡುಗನ್ನೂ ನಿಲ್ಸಿ. ನಾನು ತಪ್ಪು ಮಾಡಿದೀನಿ. ಎರಡನೇ ಸುತ್ತಲ್ಲಿ ಲೇನ್ ಮೇಲೆ ಬಂದಾಗ ಸ್ವಿಚ್ ತಿರುಗಿಸ್ಲಿಲ್ಲ."

"ಯಾಕೆ?"

"ಚಪ್ಪಾಳೆ ಹೊಡೀತಿದ್ದೆ."

ವೆಂಡೆಲ್‌ನ ಕೈಯಿಂದ ಪೆನ್ಸಿಲ್ ಬಿತ್ತು. ಮೂವತ್ತು ವರ್ಷ ಬೀಜಗಣಿತ ಪಾಠ ಮಾಡಿದ ಮೇಷ್ಟ್ರು ಅವನು, ಯಾವ ಉತ್ತರಕ್ಕೂ ಬೆಚ್ಚಿದವನಲ್ಲ. "ನೀನಾ?" ಎಂದ. "ನೀನು? ಹೋದ ವರ್ಷ ನಾನು ಸೀನಿದ್ದಕ್ಕೆ ಪಕ್ಷಪಾತ ಮಾಡ್ದೆ ಅಂತ ಬೈದೋಳು ನೀನು!"

"ಬೈದಿದ್ದೆ. ಈಗ ನೀನೂ ಬೈಕೋ."

ಮ್ಯಾಟ್ ಬಿಟ್ಟು ಕುಸ್ತಿಪಟುಗಳು ಹೊರಟುಹೋದರೆ ಮೇಜಿನ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಅಲ್ಲೇ ಇದ್ದರೆ ತಿದ್ದಬಹುದು. ಡ್ವೇನ್ ಜೋರಾಗಿ ಶಿಳ್ಳೆ ಊದಿದ. ಇಬ್ಬರಿಗೂ ಇದ್ದಲ್ಲೇ ಇರಿ ಎಂದು ಕೈ ತೋರಿಸಿದ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ತೂತುಬಿದ್ದ ಕಾಲುಚೀಲ, ಹಾಗೇ ಲೇನ್ ಕಣ್ಣು ಪಿಳಿಪಿಳಿ ಬಿಡುತ್ತ ಕೂತ. ಅಳುತ್ತಿದ್ದ ಜನ ಅಳುವನ್ನು ಅರ್ಧಕ್ಕೇ ನಿಲ್ಲಿಸಿ ಪಕ್ಕದವರನ್ನು ಏನಾಯಿತು ಎಂದು ಕೇಳತೊಡಗಿದರು.

ವಿಸ್ಕಾನ್ಸಿನ್ ಕೋಚ್ ಓಡಿ ಬಂದ. ವಿಷಯ ಕೇಳಿ ಅವನ ಮುಖ ಕೆಂಪೇರಿತು. "ಆಕೆ ಇದೇ ಊರಿನೋರಲ್ವಾ? ತಮ್ಮ ಹುಡುಗ ಸೋತ ಮೇಲೆ ಜ್ಞಾನೋದಯ ಆಯ್ತಾ?"

ಅಂದುಕೊಂಡಿದ್ದ ಮಾತೇ ಬಂತು. ಆರ್ಡಿತ್‌ಗೆ ಕೆನ್ನೆಗೆ ಹೊಡೆದಂತಾಯಿತು. ಆದರೆ ಅವಳು ಕಣ್ಣು ತಗ್ಗಿಸಲಿಲ್ಲ. "ನನ್ನ ಮಾತು ನಂಬ್ಬೇಡಿ. ನಾನಾಗಿದ್ರೂ ನಂಬ್ತಿರ್ಲಿಲ್ಲ. ಮೇಲೆ ಕ್ಯಾಮೆರಾ ಇದೆ, ಅದನ್ನ ನೋಡಿ. ತಪ್ಪು ನಾಲ್ಕು ಸೆಕೆಂಡಿನದಾದ್ರೆ ನಿಮ್ಮ ಹುಡುಗನೇ ಗೆದ್ದ, ನನಗೆ ನಾಚಿಕೆ ಉಳೀತು. ಅಷ್ಟೇ ತಾನೆ?"

ಪಕ್ಕದ ಮೇಜಿನ ಪರದೆಯ ಸುತ್ತ ನಾಲ್ಕು ತಲೆ ಒಟ್ಟುಗೂಡಿತು. ಲೇನ್ ಅಡಿಯಿಂದ ಜಾರಿ, ತಿರುಗಿ, ಮೇಲೆ ಬಂದ. ಅದೇ ಗಳಿಗೆಯಲ್ಲಿ ಪರದೆಯ ಮೂಲೆಯಲ್ಲಿ ನರೆಗೂದಲಿನ ಹೆಂಗಸೊಬ್ಬಳು ಕುರ್ಚಿಯಿಂದ ಅರ್ಧ ಎದ್ದು ಬಾಯಿ ತೆರೆದು ಎರಡೂ ಕೈ ಬಡಿಯತೊಡಗಿದಳು. ಬಡಿದಳು, ಬಡಿದಳು, ಮೇಜು ಗುದ್ದಿದಳು, ಮತ್ತೆ ಬಡಿದಳು. ವೆಂಡೆಲ್ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ಏನನ್ನೋ ತಿದ್ದುತ್ತಿದ್ದ.

"ಇನ್ನೊಂದ್ಸಲ ಹಾಕು," ಎಂದ ಡ್ವೇನ್.

ಇನ್ನೊಂದು ಸಲ ಹಾಕಿದರು. ಮೂರನೇ ಸಲ ಹಾಕಿದಾಗ ವಿಸ್ಕಾನ್ಸಿನ್ ಕೋಚ್ ಕೈಗಡಿಯಾರ ಹಿಡಿದು ತಾನೇ ಎಣಿಸಿದ. ಏಳು ಸೆಕೆಂಡು. ತಪ್ಪಾಗಿ ಸೇರಿದ್ದು ಏಳು, ಕಳೆಯದೆ ಉಳಿದದ್ದು ಏಳು, ಒಟ್ಟು ಹದಿನಾಲ್ಕು. ಅರವತ್ತೈದರಲ್ಲಿ ಹದಿನಾಲ್ಕು ಹೋದರೆ ಐವತ್ತೊಂದು. ಒಂದು ನಿಮಿಷ ಆಗಿರಲಿಲ್ಲ. ಅಂಕ ಇಲ್ಲ. ಕುಸ್ತಿ ಸಮ.

ಕೋಚ್ ಪರದೆಯಿಂದ ಹಿಂದೆ ಸರಿದ. ಆಮೇಲೆ ಆರ್ಡಿತ್ ಕಡೆ ತಿರುಗಿ, "ನಲವತ್ತು ಸಲ ಆದ್ರೂ ಹೊಡ್ದಿದೀರಿ," ಎಂದ. ಬೈದನೋ ಹೊಗಳಿದನೋ ಅವಳಿಗೆ ತಿಳಿಯಲಿಲ್ಲ.

ಡ್ವೇನ್ ಮೈಕು ತೆಗೆದುಕೊಂಡು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಗಡಿಯಾರದಲ್ಲಿ ತಪ್ಪಾಗಿದೆ, ಅಂಕ ನಾಲ್ಕು–ನಾಲ್ಕು, ಹೆಚ್ಚುವರಿ ಎರಡು ನಿಮಿಷ, ಮೊದಲು ಕೆಡವಿದವನು ಗೆದ್ದ ಹಾಗೆ. ಮರುಕ್ಷಣ ಎದ್ದ ಗದ್ದಲಕ್ಕೆ ಗೋಡೆಯ ಮೇಲಿನ ಫೋಟೋಗಳು ಅಲುಗಿದವು ಎಂದು ವೆಂಡೆಲ್ ಇವತ್ತಿಗೂ ಹೇಳುತ್ತಾನೆ.

ಎಲ್ಲರಿಗಿಂತ ಕಕ್ಕಾಬಿಕ್ಕಿಯಾದವನು ಲೇನ್. "ಹಂಗಾದ್ರೆ ನಾನು ಸೋತಿಲ್ವಾ?" ಎಂದು ರೆಫರಿಯನ್ನು ಕೇಳಿದ.

"ಇನ್ನೂ ಇಲ್ಲ. ಬೂಟು ಹಾಕ್ಕೋ. ಒಂದೂವರೆ ನಿಮಿಷ ಕೊಡ್ತೀನಿ."

ಬೂಟು ಹಾಕಿಕೊಳ್ಳಲು ಲೇಸು ಎಲ್ಲಿದೆ? ತುಂಡಾದ ಲೇಸನ್ನು ಗಂಟು ಹಾಕಲು ನೋಡಿದ, ಎರಡು ತೂತಿಗೂ ಸಾಲಲಿಲ್ಲ. ಅವನ ಕೋಚ್ ಬಿಳಿ ಪಟ್ಟಿಯ ಸುರುಳಿ ಎಸೆದ. ಲೇನ್ ಅದನ್ನು ಹಿಡಿದು ಎಷ್ಟು ತಿರುಗಿಸಿ ನೋಡಿದರೂ ತುದಿ ಸಿಗಲಿಲ್ಲ. ಅಂಚಿನಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ ಎಮೆಟ್ ಇದನ್ನೆಲ್ಲ ನೋಡಿದ, ಆಕಡೆ ತಿರುಗಿದ, ಮತ್ತೆ ಈಕಡೆ ತಿರುಗಿದ. ಕೊನೆಗೆ ದಡದಡ ಬಂದು ಲೇನ್‌ನ ಮುಂದೆ ಕುಕ್ಕರುಗಾಲಲ್ಲಿ ಕೂತು ಪಟ್ಟಿಯನ್ನು ಕಸಿದುಕೊಂಡ.

"ಕಾಲು ಕೊಡಿಲ್ಲಿ. ನಿನ್ನ ಕಾಯ್ತಾ ಕೂತ್ರೆ ನನ್ ಮೈ ತಣ್ಣಗಾಗ್ತದೆ."

"ಮೆಲ್ಲಗೆ ಸುತ್ತೋ, ರಕ್ತ ಓಡಾಡ್ಬೇಕು."

"ಎರಡು ನಿಮಿಷಕ್ಕೆ ರಕ್ತ ಯಾಕೆ? ಆಗ್ಲೇ ಅತ್ತು ಬೂಟು ಬಿಚ್ಚಿಟ್ಟೋನು ನೀನು."

"ಅತ್ತಿದ್ದನ್ನ ವಾಪಸ್ ತಗೊಳ್ಳೋಕಾಗಲ್ವಲ್ಲ," ಎಂದ ಲೇನ್. ಇಬ್ಬರಿಗೂ ನಗು ಬಂತು. ಎಮೆಟ್ ಪಾದದಿಂದ ಕಣಕಾಲಿನ ತನಕ ಸುತ್ತಿ ಸುತ್ತಿ, ಹಲ್ಲಿನಿಂದ ಪಟ್ಟಿ ಹರಿದು, ಮೇಲೊಂದು ಏಟು ಹಾಕಿ ಎದ್ದ.

ಇತ್ತ ಆರ್ಡಿತ್ ಎರಡೂ ಕೈಯನ್ನು ಸ್ವಿಚ್ಚಿನ ಮೇಲಿಟ್ಟುಕೊಂಡು ಕಲ್ಲಿನಂತೆ ಕೂತಿದ್ದಳು. ಡ್ವೇನ್ ಬಾಗಿ, "ಈ ಎರಡು ನಿಮಿಷಕ್ಕೆ ಸವಾರಿ ಲೆಕ್ಕ ಇಲ್ಲ, ಗೊತ್ತಲ್ಲ?" ಎಂದ.

"ಗೊತ್ತು."

"ನಿಮಗೇನೂ ಕೆಲಸ ಇಲ್ಲ."

ಅವಳು ತಲೆ ಎತ್ತಿದಳು. "ಹಂಗಾದ್ರೆ ನಾನು ಎದ್ದು ಹೋಗ್ಲಾ?"

ಇಪ್ಪತ್ತು ವರ್ಷದಿಂದ ಮ್ಯಾಟಿನ ಮೇಲೆ ನಕ್ಕವನಲ್ಲ ಡ್ವೇನ್. "ಹೋಗಿ," ಎಂದು ನಕ್ಕ. "ಕೈನೂ ಕರ್ಕೊಂಡು ಹೋಗಿ."

ಮೇಜು ದಾಟಿ ನಾಲ್ಕು ಹೆಜ್ಜೆ ಹೋದರೆ ಜನರ ಬೆಂಚು. ಹತ್ತೊಂಬತ್ತು ವರ್ಷದಲ್ಲಿ ಆ ನಾಲ್ಕು ಹೆಜ್ಜೆ ಹಾಕಿದವಳೇ ಅಲ್ಲ ಅವಳು. ಮೊದಲ ಸಾಲಿನಲ್ಲಿ ಯಾರೋ ಸರಿದು ಜಾಗ ಕೊಟ್ಟರು. ಕೂರುವ ಮುನ್ನವೇ ಶಿಳ್ಳೆ ಕೇಳಿತು, ಅವಳು ನಿಂತೇ ಬಿಟ್ಟಳು.

ಮೊದಲ ಅರ್ಧ ನಿಮಿಷ ಇಬ್ಬರೂ ತಲೆಗೆ ತಲೆ ಕೊಟ್ಟು ತಳ್ಳಾಡಿದರು. ಎಮೆಟ್ ಕಾಲಿಗೆ ನುಗ್ಗಿದ. ಲೇನ್ ಹಿಂದಕ್ಕೆ ಜಿಗಿದು ಮೈಭಾರವನ್ನೆಲ್ಲ ಅವನ ಬೆನ್ನಿನ ಮೇಲೆ ಹಾಕಿ ತಪ್ಪಿಸಿಕೊಂಡ. ಪಟ್ಟಿ ಸುತ್ತಿದ ಕಾಲು ಜಾರಿತು. ಆರ್ಡಿತ್‌ಗೆ ಜೀವ ಬಾಯಿಗೆ ಬಂತು. "ಏಳೋ! ಏಳೋ ಲೇನ್! ಕಾಲು ಹಿಡ್ಕೊಳ್ಳೋ! ಅವನ್ ಕಾಲು, ನಿನ್ದಲ್ಲ!" ಎಂದು ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಪಳಗಿದ ಗಂಟಲಿನಲ್ಲಿ ಕೂಗಿದಳು. ಆ ಧ್ವನಿ ಜಿಮ್ಮಿನ ಆಚೆ ತುದಿಗೂ ಮುಟ್ಟಿತು. ಲೇನ್‌ಗೂ ಮುಟ್ಟಿರಬೇಕು, ಏಕೆಂದರೆ ಅವನ ಮುಖದ ಮೇಲೆ ಒಂದು ಚಣ ನಗೆ ಸುಳಿದು ಹೋಯಿತು.

"ಅಮ್ಮಾ, ಸ್ವಲ್ಪ ಕೂತ್ಕೊಳ್ಳಿ, ನಮಗೇನೂ ಕಾಣ್ತಿಲ್ಲ!" ಎಂದು ಹಿಂದಿನವರು ಗೊಣಗಿದರು. ಎರಡು ತಲೆಮಾರಿನ ಹುಡುಗರಿಗೆ ಕೂತ್ಕೊಳ್ರೋ ಕೂತ್ಕೊಳ್ರೋ ಎಂದು ಕನ್ನಡಿಯಲ್ಲೇ ಗದರಿಸಿದ ಹೆಂಗಸು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಇನ್ನು ನಲವತ್ತು ಸೆಕೆಂಡು ಇರುವಾಗ ಲೇನ್ ಕೆಳಗೆ ಹೊಕ್ಕು ಎಮೆಟ್‌ನ ಒಂದು ಕಾಲನ್ನು ತೊಡೆಯ ಹತ್ತಿರ ತಬ್ಬಿದ. ಎಮೆಟ್ ಒಂಟಿಕಾಲಲ್ಲಿ ಕುಂಟುತ್ತ ಅಂಚಿನ ಕಡೆ ಎಳೆದ. ಲೇನ್ ಬಿಡಲಿಲ್ಲ. ತಳ್ಳಿದರೂ ಬಿಡಲಿಲ್ಲ, ತಲೆ ಒತ್ತಿದರೂ ಬಿಡಲಿಲ್ಲ. ಮಂಡಿ ಹೋದ ವರ್ಷ, ಭುಜ ಹೋದ ವರ್ಷ, ನಾಲ್ಕನೆಯವನಾದ ಮೂರು ವರ್ಷ, ಎಲ್ಲವನ್ನೂ ಸೇರಿಸಿ ಆ ಕಾಲನ್ನು ತಬ್ಬಿದ್ದ. ಸುತ್ತಿದ್ದ ಪಟ್ಟಿ ಬಿಚ್ಚಿಕೊಂಡು ಬಾಲದಂತೆ ಹಿಂದೆ ಎಳೆದಾಡತೊಡಗಿತು. ಅಂಚಿಗೆ ಇನ್ನು ಒಂದು ಗೇಣು ಇರುವಾಗ ಲೇನ್ ಆ ಕಾಲನ್ನು ಹೆಗಲಿಗೇರಿಸಿ, ಎಮೆಟ್‌ನ ಇನ್ನೊಂದು ಕಾಲಿನ ಹಿಂದೆ ತನ್ನ ಕಾಲು ಸಿಕ್ಕಿಸಿ, ಇಬ್ಬರ ಭಾರವನ್ನೂ ಒಟ್ಟಿಗೆ ಒಳಕ್ಕೆ ಕೆಡವಿದ. ಡ್ವೇನ್ ಬೋರಲು ಮಲಗಿ ನೋಡಿದ. ನೋಡಿ, ಕೆಡವಿದ್ದಕ್ಕೆ ಮೂರು ಅಂಕ ಎಂದು ಮೂರು ಬೆರಳು ಮೇಲೆತ್ತಿದ.

ಆಮೇಲೆ ಏನಾಯಿತೆಂದು ಆರ್ಡಿತ್‌ಗೆ ಸರಿಯಾಗಿ ನೆನಪಿಲ್ಲ. ಗುರುತಿಲ್ಲದ ಗಂಡಸೊಬ್ಬನನ್ನು ತಬ್ಬಿಕೊಂಡದ್ದು, ಅವನ ಕಾಫಿ ತನ್ನ ಸ್ವೆಟರಿನ ಮೇಲೆ ಚೆಲ್ಲಿದ್ದು, ಲೇನ್‌ನ ಅಮ್ಮ ಮೇಲಿನಿಂದ ಮೆಟ್ಟಿಲನ್ನೇ ನೋಡದೆ ಇಳಿದು ಬಂದದ್ದು, ಇಷ್ಟು ನೆನಪಿದೆ. ಸಂತೋಷಕ್ಕೆ ಅವಳ ಕಣ್ಣು ಕಾಣದಾಗಿತ್ತು. ಲೇನ್ ಈ ಸಲ ವೃತ್ತದ ನಡುವೆ ಕೂರಲಿಲ್ಲ. ಕೈ ಎತ್ತಿಸಿಕೊಂಡು ನೇರ ಅವಳ ಹತ್ತಿರ ಬಂದ. ಪಟ್ಟಿ ಅವನ ಹಿಂದೆಯೇ ಬಂತು.

"ಡ್ರೈವರಮ್ಮ, ಮೇಜಿನ ಕೆಲಸ ಹೋಯ್ತಂತೆ?"

"ಹೋಯ್ತು ಕಣೋ. ನಿನ್ನ ದೆಸೆಯಿಂದ."

"ಕಾಲು ಹಿಡ್ಕೊಂಡೆ, ನೋಡಿದ್ರಾ? ಅವನ್ದೇ."

"ನೋಡ್ದೆ," ಎಂದಳು. ಬೆವರಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ಬಿಟ್ಟಳು.

ಎಮೆಟ್ ಗೋಡೆಗೆ ಒರಗಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ. ಅವನನ್ನು ನೋಡಿ ಅವಳ ಹಿಗ್ಗು ಅರ್ಧ ಇಳಿಯಿತು. ಕೈಚೀಲದಿಂದ ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ಡಬ್ಬಿ ತೆಗೆದುಕೊಂಡು ಹತ್ತಿರ ಹೋದಳು.

"ಒಂದ್ಸಲ ಎತ್ತಿದ್ದ ನಿನ್ನ ಕೈನ ಇಳಿಸಿದ್ದು ನಾನು," ಎಂದಳು. "ತಪ್ಪಾಯ್ತಪ್ಪ."

ಎಮೆಟ್ ಟವೆಲ್ ಸರಿಸಿ ನೋಡಿದ. "ಮೇಡಂ, ಮುಂದಿನ ವರ್ಷ ನೀವು ಮೇಜಿನ ಹತ್ರ ಇರ್ತೀರಾ?"

"ಇರಲ್ಲ."

"ಹಂಗಾದ್ರೆ ಸರಿ." ಡಬ್ಬಿಯೊಳಗೆ ಇಣುಕಿದ. "ಇದೇನು?"

"ತಿನ್ನು. ಇನ್ನು ತೂಕ ನೋಡೋರಿಲ್ಲ ನಿನಗೆ."

ಅವನು ಒಂದು ತಿಂದ. ಇನ್ನೊಂದು ತಿಂದ. ಮೂರನೆಯದನ್ನು ಬಾಯಿಗೆ ಹಾಕುವಾಗ ಕಣ್ಣಿನಲ್ಲಿ ನೀರು ಬಂದಿತ್ತು, ಆದರೂ ನಾಲ್ಕನೆಯದಕ್ಕೆ ಕೈ ಹಾಕಿದ. ಆರ್ಡಿತ್ ಅವನಿಗೆ ಡಬ್ಬಿಯನ್ನೇ ಕೊಟ್ಟು ಬಂದಳು.

ಇನ್ನೂ ಬೆಳಕಿತ್ತು. ಉಳಿದ ಕುಸ್ತಿಗಳೂ ಮುಗಿದು ಜನ ಕರಗಿದ್ದರು. ಕಾಲೇಜಿನ ಹುಡುಗರು ಮ್ಯಾಟ್ ಸುತ್ತತೊಡಗಿದ್ದರು. ಆರ್ಡಿತ್ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಕೈಗವಸು ಹುಡುಕುತ್ತಿದ್ದಾಗ ವೆಂಡೆಲ್ ಹಿಂದಿನಿಂದ ಕೂಗಿದ.

"ಏ ಆರ್ಡಿತ್, ನಿನ್ನ ದಿಂಬು ಮರ್ತಿದೀಯ!"

ಅವಳ ತಂಗಿ ಹೆಣೆದುಕೊಟ್ಟ ಹಳದಿ ದಿಂಬು. ಹತ್ತೊಂಬತ್ತು ವರ್ಷ ಎಲ್ಲಿ ಕುಸ್ತಿಯೋ ಅಲ್ಲಿಗೆ ಕಂಕುಳಲ್ಲಿ ಬರುತ್ತಿತ್ತು. ನಡುವೆ ಕುಸಿದು, ಅವಳು ಕೂತ ಆಕಾರಕ್ಕೇ ಒಗ್ಗಿಹೋಗಿತ್ತು.

"ಇರ್ಲಿ ಬಿಡು," ಎಂದಳು.

"ಇನ್ನೆರಡು ವಾರಕ್ಕೆ ರಾಷ್ಟ್ರೀಯಕ್ಕೆ ಬರ್ತೀಯಲ್ಲ? ಅಲ್ಲಿ ಬೆಂಚು ಗಟ್ಟಿ. ಮೂರು ದಿನ ಹೆಂಗೆ ಕೂರ್ತೀಯ?"

"ನಾನೆಲ್ಲಿ ಕೂರ್ತೀನೋ, ನಿಂತೇ ಇರ್ತೀನಲ್ಲ!" ಎಂದು ನಕ್ಕು ಆರ್ಡಿತ್ ಬಾಗಿಲು ತಳ್ಳಿದಳು. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಹುಡುಗರು ಮ್ಯಾಟನ್ನು ಉರುಳಿಸುತ್ತ ಮೇಜಿನ ತನಕ ಬಂದರು. ಅಲ್ಲಿದ್ದ ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸಿದರು. ಹಳದಿ ದಿಂಬಿದ್ದ ಕುರ್ಚಿಯ ಹತ್ತಿರ ಬಂದಾಗ ಯಾರೂ ಅದನ್ನು ಮುಟ್ಟಲಿಲ್ಲ. ಮ್ಯಾಟಿನ ನಡುವೆ ಬಿಟ್ಟುಹೋದ ಬೂಟನ್ನು ಬಳಸುವಂತೆ, ಅದರ ಸುತ್ತ ಬಳಸಿಕೊಂಡು ಮುಂದೆ ಹೋದರು.